ಮಂಡಿ ಸವೆಯೋಕೆ ಮುಂಚೆ ಮನೇಲೇ ಚೆಕ್ ಮಾಡ್ಕೊಳ್ಳೋದು ಹೇಗೆ?

ಚನ್ನಗಿರಿ ಕಡೆ ನಮ್ಮ ಚಿಕ್ಕಮ್ಮ ಅಡಿಕೆ ಸೀಸನ್ ಬಂತಂದ್ರೆ ಬೆಳಗ್ಗಿಂದ ಸಂಜೆ ತನಕ ನೆಲದ ಮೇಲೇ ಕೂತು ಸುಲಿಯೋರು. ಏಳಬೇಕಾದ್ರೆ ಎಡಗೈ ನೆಲಕ್ಕೆ ಊರಿ, ಬಲಗೈಲಿ ಕಂಬ ಹಿಡ್ಕೊಂಡು, ನಿಂತ ಮೇಲೆ ಒಂದು ಗಳಿಗೆ ಹಂಗೇ ಇದ್ದು ಆಮೇಲೆ ಹೆಜ್ಜೆ ಎತ್ತೋರು. ಕೇಳಿದ್ರೆ "ವಯಸ್ಸಾತಲ್ಲಪ್ಪ, ಇನ್ನೇನು" ಅನ್ನೋರು. ಮಂಡಿ ಕೀಲು ಸವೆಯೋಕೆ ವಯಸ್ಸು ಒಂದೇ ಕಾರಣ ಅಲ್ಲ ಕಣ್ರೀ, ಅದಕ್ಕೇ ಇದನ್ನ ಬರೀತಿರೋದು.

ಒಂದು ಹಾಳೆ ತಗೊಳ್ರಿ. ಮೊದಲು ನಮ್ಮ ಕೈಯಲ್ಲಿ ಇಲ್ಲದ್ದನ್ನ ಬರ್ಕೊಳ್ರಿ: ವಯಸ್ಸು 50 ದಾಟಿದೆಯಾ, ಹೆಂಗಸರಾದ್ರೆ ಮುಟ್ಟು ನಿಂತಿದೆಯಾ, ಅಮ್ಮಂಗೋ ಅಜ್ಜಿಗೋ ಮಂಡಿನೋವಿತ್ತಾ, ಅವರ ಬೆರಳ ತುದಿ ಗೆಣ್ಣಲ್ಲಿ ಗಂಟು ಗಂಟಾಗಿತ್ತಾ. ಇವೆಲ್ಲ ರಿಸ್ಕ್ ಜಾಸ್ತಿ ಮಾಡ್ತವೆ, ಆದ್ರೆ ಬದಲಾಯಿಸೋಕಾಗಲ್ಲ, ಮುಂದೆ ಹೋಗಣ.

ಈಗ ತೂಕ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದ್ರಿ. ಕೆಜಿ ಲೆಕ್ಕದ ತೂಕನ ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸ್ರಿ. 1.55 ಮೀಟರ್ ಎತ್ತರ, 68 ಕೆಜಿ ಇದ್ರೆ ಸುಮಾರು 28 ಬರುತ್ತೆ. ನಮ್ಮ ದೇಶದೋರಿಗೆ 23 ದಾಟಿದ್ರೆ ತೂಕ ಹೆಚ್ಚು, 25 ದಾಟಿದ್ರೆ ಬೊಜ್ಜು. ದಪ್ಪಗಿದ್ದು ಮಂಡಿ ನೋವಿರೋರು ಒಂದು ಕೆಜಿ ಇಳಿಸಿದ್ರೆ ಒಂದೊಂದು ಹೆಜ್ಜೆಗೂ ಮಂಡಿ ಮೇಲಿನ ಭಾರ ನಾಲ್ಕು ಕೆಜಿಯಷ್ಟು ಕಮ್ಮಿ ಆಗುತ್ತೆ, ಅಂದ್ರೆ ಐದು ಕೆಜಿ ಇಳಿಸಿದ್ರೆ 20 ಕೆಜಿ ಮೂಟೆ ಇಳಿಸಿದಂಗೆ, ದಿನಕ್ಕೆ ಎಷ್ಟು ಸಾವಿರ ಹೆಜ್ಜೆ ನೀವೇ ಲೆಕ್ಕ ಹಾಕ್ರಿ. ಬರೀ ಭಾರದ ಮಾತೂ ಅಲ್ಲ ಇದು, ಬೊಜ್ಜಿಂದ ಬರೋ ಕೆಮಿಕಲ್‌ಗಳು ಕೀಲಲ್ಲಿ ಉರಿಯೂತ ಎಬ್ಬಿಸ್ತವೆ, ಅದಕ್ಕೇ ಮೈಭಾರ ಹೊರದ ಕೈಬೆರಳಿಗೂ ಸವಕಳಿ ಬರುತ್ತೆ.

ಆಮೇಲೆ ಹಳೇ ಏಟು ನೆನಪು ಮಾಡ್ಕೊಳ್ರಿ. ಗರಡೀಲಿ, ಕಬಡ್ಡೀಲಿ, ಬೈಕಿಂದ ಬಿದ್ದು ಮಂಡಿ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟಿಹಿಡಿಯೋ ಪಟ್ಟಿ) ಹರಿದಿತ್ತಾ? ಅಂಥೋರಲ್ಲಿ ಸುಮಾರು ಅರ್ಧ ಜನಕ್ಕೆ ಹತ್ತಿಪ್ಪತ್ತು ವರ್ಷದಲ್ಲಿ ಸವಕಳಿ ಕಾಣಿಸ್ಕೊಳ್ಳುತ್ತೆ, ನೋವು ಹೋಯ್ತಲ್ಲ ಅಂತ ಮರೀಬೇಡ್ರಿ.

ಕೆಲಸ ಎಂಥದ್ದು ಅಂತಲೂ ಬರೀರಿ. ಕಳೆ ಕೀಳೋಕೆ, ಚಿತ್ರದುರ್ಗದ ಕಡೆ ಈರುಳ್ಳಿ ದಂಟು ಕೊಯ್ಯೋಕೆ ಗಂಟೆಗಟ್ಲೆ ಕುಕ್ಕರಗಾಲಲ್ಲಿ ಕೂರೋರು, ದಾವಣಗೆರೆ ಎಪಿಎಂಸೀಲಿ ಮೂಟೆ ಹೊರೋ ಹಮಾಲರು, ಇವರ ಮಂಡಿಗೆ ಪೆಟ್ಟು ಹೆಚ್ಚು. ಕೆಲಸ ಬಿಡ್ರಿ ಅನ್ನೋಕೆ ನಂಗೆ ಬಾಯಿ ಬರಲ್ಲ, ಹೊಟ್ಟೆಪಾಡು. ಎತ್ತರದ ಸ್ಟೂಲ್ ಹಾಕ್ಕೊಳ್ರಿ, ಅರ್ಧ ಗಂಟೆಗೊಮ್ಮೆ ಎದ್ದು ಕಾಲು ಚಾಚ್ರಿ. ಚಿಕ್ಕಮ್ಮಂಗೆ ನಾವು ಅಂಥ ಸ್ಟೂಲೇ ಮಾಡಿಸಿಕೊಟ್ವಿ, ಈಗ ಕಂಬ ಹುಡುಕಲ್ಲ.

ಕೊನೇದಾಗಿ ತೊಡೆ ಬಲ. ಗಟ್ಟಿ ಕುರ್ಚಿನ ಗೋಡೆಗೆ ಒತ್ತಿಟ್ಟು, ಕೈ ಎದೆಗೆ ಕಟ್ಕೊಂಡು ಐದು ಸಲ ಎದ್ದು ಕೂರ್ರಿ, ಜೊತೆಗೊಬ್ಬರಿರಲಿ. 15 ಸೆಕೆಂಡ್‌ಗಿಂತ ಜಾಸ್ತಿ ಹಿಡಿದ್ರೆ ಕಾಲಿಗೆ ಬಲ ಸಾಲದು. ಬಲ ಬರೋಕೆ ಕುರ್ಚೀಲೇ ಕೂತು ಒಂದೊಂದೇ ಕಾಲು ನೇರಕ್ಕೆ ಎತ್ತಿ ಐದು ಎಣಿಸಿ ಇಳಿಸ್ರಿ, ಹತ್ತತ್ತು ಸಲ. ನಡೆದ್ರೆ ಮಂಡಿ ಸವೆಯುತ್ತೆ ಅಂತ ಮೂಲೇಲಿ ಕೂರಬೇಡ್ರಿ, ಕೀಲಲ್ಲಿ ಮೂಳೆ ತುದಿಗೆ ಹೊದ್ದಿರೋ ನುಣುಪು ಪದರಕ್ಕೆ, ಅಂದ್ರೆ ಮೃದ್ವಸ್ಥಿಗೆ, ರಕ್ತನಾಳನೇ ಇಲ್ಲ, ಕೀಲು ಆಡಿದ್ರೇನೇ ಅದಕ್ಕೆ ಪೋಷಣೆ.

ಮಂಡಿ ಊದಿ ಬಿಸಿಯಾಗಿದ್ರೆ, ಬೆಳಗ್ಗೆ ಬಿಗಿತ ಗಂಟೆ ಕಳೆದ್ರೂ ಬಿಡದಿದ್ರೆ ಅದು ಬೇರೆ ಥರದ ಸಂಧಿವಾತ ಇರಬಹುದು, ಎಣ್ಣೆ ತಿಕ್ಕೊಂಡು ದಿನ ದೂಡದೆ ಡಾಕ್ಟ್ರಿಗೆ ತೋರಿಸ್ರಿ.