ಮಾರುತಿ 800ರ ಎಂಜಿನ್ ಹಲಸಿನ ಮರಕ್ಕೆ ನೇತು ಹಾಕಿದ್ದು

ನಮ್ಮದು 1997ರ ಮಾರುತಿ 800, ಕಾರ್ಬುರೇಟರ್‌ದು, ನಾಲ್ಕು ಗೇರಿಂದು. ಅಪ್ಪ ತಗೊಂಡ ಗಾಡಿ, ಹಾಗಾಗಿ ಕೊಡ್ಲಿಕ್ಕೆ ಮನಸ್ಸಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ ಬರ್ತಿತ್ತು, ಮಾಡುವ ಮಾಡುವ ಅಂತ ಎರಡು ವರ್ಷ ತಳ್ಳಿದ್ದೆ. ಹೋದ ವರ್ಷ ಏಪ್ರಿಲಲ್ಲಿ ಆಗುಂಬೆ ಘಾಟಿ ಹತ್ತುವಾಗ ರೇಡಿಯೇಟರ್ ಫ್ಯಾನ್ ತಿರುಗದೇ ಇದ್ದದ್ದು ನಂಗೆ ಗೊತ್ತೇ ಆಗ್ಲಿಲ್ಲ, ಮುಳ್ಳು ನೋಡುವಾಗ ಅದು ಮೇಲೆ ಹೋಗಿ ಕೂತಾಗಿತ್ತು. ತಣಿದ ಮೇಲೆ ಸ್ವಲ್ಪ ಸ್ವಲ್ಪ ಓಡಿಸ್ತಾ ಹೆಬ್ರಿವರೆಗೆ ತಂದೆ, ಅದೇ ನಾನು ಮಾಡಿದ ದೊಡ್ಡ ತಪ್ಪು. ಅಲ್ಲಿ ಡಿಪ್‌ಸ್ಟಿಕ್ ತೆಗೆದ್ರೆ ಆಯಿಲ್ ಹಾಲು ಹಾಕಿದ ಚಾ ಹಾಗೆ ಆಗಿತ್ತು, ನೀರು ಒಳಗೆ ಹೋಗಿದೆ ಅಂತ ಅರ್ಥ. ಅಲ್ಲಿಂದ ಉಡುಪಿಗೆ ಪಿಕಪ್ಪಿನ ಹಿಂದೆ ಹಗ್ಗ ಕಟ್ಟಿ ತಂದದ್ದು.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿದೆ. ಮೂರು ಸಿಲಿಂಡರಿಗೆ 110, 60, 105 ಪಿಎಸ್ಐ. ಒಳ್ಳೆ ಎಂಜಿನಾದ್ರೆ 150ರ ಮೇಲೆ ಬರ್ಬೇಕು. ಪ್ಲಗ್ ತೂತಲ್ಲಿ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದ್ರೆ ಒಂದು ಮತ್ತು ಮೂರು ಚೆನ್ನಾಗಿ ಏರಿತು, ಅಂದ್ರೆ ಪಿಸ್ಟನ್ ಸುತ್ತ ಇರುವ ರಿಂಗ್ ಸವೆದಿದೆ. ಎರಡನೇದು ಅಲ್ಲಾಡ್ಲೇ ಇಲ್ಲ, ಅಂದ್ರೆ ಅದು ಮೇಲಿನ ಸಮಸ್ಯೆ, ಎಂಜಿನಿನ ಮೇಲ್ಭಾಗದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟೋ ವಾಲ್ವೋ. ಗ್ಯಾರೇಜಿನವ್ರು ಹೇಳಿದ ರೇಟಿಗೆ ಇನ್ನೊಂದು ಹಳೇ 800 ಬರ್ತದೆ, ಹಾಗಾಗಿ ಗುಜರಿಯಿಂದ ಇಡೀ ಎಂಜಿನ್ ತಂದು ಬದಲಿಸುವ ಅಂತ ಹೊರಟೆ.

ಮಂಗ್ಳೂರಿನ ಒಂದು ಗುಜರಿಯಲ್ಲಿ ಮೊದಲು ತೋರಿಸಿದ್ದು ಎಂಪಿಎಫ್ಐದು, ಅಂದ್ರೆ ಕಾರ್ಬುರೇಟರ್ ಬದಲು ಇಂಜೆಕ್ಟರಲ್ಲಿ ಪೆಟ್ರೋಲ್ ಹೋಗುವಂಥದ್ದು. "800ದೇ ಅಲ್ವಾ, ಕೂರ್ತದೆ ಮಾರಾಯ್ರೆ" ಅಂದ್ರು. ಕೂರುವುದಿಲ್ಲ ಅಂತಲ್ಲ, ಆದ್ರೆ ಅದು 12 ವಾಲ್ವಿನ ಹೆಡ್, ನಮ್ಮದು 6 ವಾಲ್ವಿಂದು, ಅದಕ್ಕೆ ಇಸಿಎಂ ಅಂತ ಎಂಜಿನಿನ ಕಂಪ್ಯೂಟರ್, ವೈರಿಂಗ್, ಟ್ಯಾಂಕಿನೊಳಗೆ ಪಂಪು ಎಲ್ಲ ಬೇಕು. ಕಡೆಗೆ ಹಿಂದೆ ಟಯರಿನ ರಾಶಿ ಅಡಿಯಲ್ಲಿ ಕಾರ್ಬುರೇಟರಿಂದು ಒಂದು ಸಿಕ್ಕಿತು, 7,500ಕ್ಕೆ ಮಾತಾಯ್ತು. ಭಾವನ ಓಮ್ನಿಯಲ್ಲಿ ಹಾಕ್ಕೊಂಡು ಬರುವಾಗ ಅವರೇ ಕೇಳಿದ್ದು, "ಎಂಜಿನ್ ನಂಬರಿಗೆ ಎಂತ ಮಾಡ್ತೀ?" ನಾನು ಅದನ್ನು ಯೋಚನೆಯೇ ಮಾಡಿರ್ಲಿಲ್ಲ. ನಂಬರ್ ಹೊಡೆದಿರುವುದು ಬ್ಲಾಕಿನ ಮೇಲೆ. 15 ವರ್ಷ ಆದ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡುವಾಗ ನಂಬರ್ ನೋಡ್ತಾರೆ, ಗುಜರಿಯವ್ರ ಹತ್ರ ಕಾಗದ ಇಲ್ಲ, ಆ ಎಂಜಿನ್ ಯಾವ ಗಾಡಿದು, ಅದ್ರ ಮೇಲೆ ಕೇಸ್ ಉಂಟಾ ಯಾರಿಗೆ ಗೊತ್ತು. ಪಡುಬಿದ್ರೆ ದಾಟುವಷ್ಟರಲ್ಲಿ ಪ್ಲಾನ್ ಬದಲಾಯ್ತು, ಬ್ಲಾಕ್ ನಮ್ಮದೇ ಇರ್ಲಿ, ಒಳಗಿಂದು ಯಾವುದು ಒಳ್ಳೇದುಂಟೋ ಅದ್ರಿಂದ ತೆಗೆಯುವ.

ಇಳಿಸುವ ಕೆಲಸ ನಾನು ಹೆದರಿದಷ್ಟು ಕಷ್ಟ ಇರ್ಲಿಲ್ಲ. ಗಾಡಿಯನ್ನು ಅಂಗಳದ ಹಲಸಿನ ಮರದಡಿಗೆ ದೂಡಿ, ದಪ್ಪ ಗೆಲ್ಲಿಗೆ ಬಾಡಿಗೆ ಚೈನ್ ಪುಲ್ಲಿ ಕಟ್ಟಿದ್ದು. ಕಾಯಿ ಇರುವ ಕಾಲ, ಅಮ್ಮ ಜಗಲಿಯಲ್ಲೇ ನಿಂತು "ಆ ಗೆಲ್ಲು ಮುರಿದ್ರೆ ನೋಡು" ಅಂತ. ಬಾನೆಟ್, ಬ್ಯಾಟರಿ, ರೇಡಿಯೇಟರ್, ಕೇಬಲ್ಲುಗಳು, ಸೈಲೆನ್ಸರ್ ಪೈಪ್. ಪ್ರತಿ ಹೋಸಿಗೂ ಪೇಪರ್ ಟೇಪ್ ಸುತ್ತಿ ನಂಬರ್ ಬರೆದು ಮೊಬೈಲಲ್ಲಿ ಫೋಟೋ ಹೊಡೆದೆ, ಈ ಕಾರ್ಬುರೇಟರಿಗೆ ಬರುವ ಸಣ್ಣ ಸಣ್ಣ ವ್ಯಾಕ್ಯೂಮ್ ಪೈಪುಗಳು ನೆನಪಲ್ಲಿ ಉಳಿಯುವಂಥದ್ದಲ್ಲ. ಕಡಲ ಗಾಳಿಗೆ ಎಕ್ಸಾಸ್ಟ್ ಸ್ಟಡ್ಡುಗಳೆಲ್ಲ ತುಕ್ಕು, ಎರಡು ಮುರಿದವು. ಗೇರ್ ಆಯಿಲ್ ಖಾಲಿ ಮಾಡದೆ ಡ್ರೈವ್ ಶಾಫ್ಟ್ ಎಳೆದು ಅಂಗಳ ಇಡೀ ಆಯಿಲ್ ಮಾಡಿದ್ದೂ ಆಯ್ತು.

ಎರಡೂ ಎಂಜಿನ್ ಬಿಚ್ಚಿ ಹಳೇ ಫ್ಲೆಕ್ಸ್ ಬ್ಯಾನರ್ ಮೇಲೆ ಸಾಲಾಗಿ ಇಟ್ಟೆ. ನಮ್ಮ ಹೆಡ್ ಬಿಸಿಗೆ ಬಗ್ಗಿತ್ತು, ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದ್ರೆ ನಡುವಲ್ಲಿ ಬೆಳಕು ಕಾಣ್ತಿತ್ತು, ಎರಡನೇ ಸಿಲಿಂಡರಿನ ಎರಡು ವಾಲ್ವಿನ ನಡುವೆ ಕೂದಲೆಳೆ ಬಿರುಕು. ನೀರು ಬೆರೆತ ಆಯಿಲಲ್ಲಿ ಹೆಬ್ರಿವರೆಗೆ ಓಡಿಸಿದ್ದಕ್ಕೆ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟು) ಮೇಲೆ ಉಗುರಿಗೆ ಸಿಗುವಷ್ಟು ಗೀರು. ಗುಜರಿದ್ರ ಬೋರ್, ಅಂದ್ರೆ ಪಿಸ್ಟನ್ ಓಡುವ ಸಿಲಿಂಡರಿನ ಒಳಗೋಡೆ, ಪೂರ್ತಿ ಹೋಗಿತ್ತು, ಆದ್ರೆ ಹೆಡ್ ಮತ್ತು ಕ್ರ್ಯಾಂಕ್ ಚಂದ ಇತ್ತು. ಸರಿ, ನಮ್ಮ ಬ್ಲಾಕ್, ಅದ್ರ ಹೆಡ್, ಅದ್ರ ಕ್ರ್ಯಾಂಕ್.

ಬ್ಲಾಕನ್ನು ಬೋರಿಂಗಿಗೆ, ಅಂದ್ರೆ ಬೋರ್ ಕೊರೆದು ದೊಡ್ಡದು ಮಾಡ್ಲಿಕ್ಕೆ, ಕೊಡುವ ಮೊದಲು ಪಿಸ್ಟನ್ ತಗೊಳ್ಳಿ, ಪಿಸ್ಟನ್ ಅಳೆದು ಅದಕ್ಕೆ ಸರಿಯಾಗಿ ಬೋರ್ ಮಾಡ್ಬೇಕು, ಉಲ್ಟಾ ಅಲ್ಲ. ಸ್ಟ್ಯಾಂಡರ್ಡ್ ಬೋರ್ 68.5 ಮಿ.ಮೀ., ನಾನು 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದೆ. ಲೇತಿನವ್ರು ಕೆಲಸ ನೀಟಾಗಿ ಮಾಡಿ ಕೊಟ್ರು, ಹೆಡ್ಡಿಗೂ ವಾಲ್ವ್ ಗ್ರೈಂಡಿಂಗ್ ಮಾಡಿಸಿ ಎರಡನ್ನೂ ಸಾಯಂಕಾಲ ತಂದು ಚಪ್ಪರದಡಿ ಇಟ್ಟು ಮಲಗಿದೆ. ಅಷ್ಟರಲ್ಲಿ ಜೂನ್ ಶುರುವಾಗಿತ್ತು, ರಾತ್ರಿ ಮಳೆ. ಬೆಳಿಗ್ಗೆ ನೋಡಿದ್ರೆ ಕನ್ನಡಿ ಹಾಗಿದ್ದ ಮೂರೂ ಬೋರಿನಲ್ಲಿ ಕೇಸರಿ ಬಣ್ಣದ ತೆಳು ತುಕ್ಕು! ನಮ್ಮೂರ ಗಾಳಿಗೆ ಒಂದು ರಾತ್ರಿ ಸಾಕು. ಪುಣ್ಯಕ್ಕೆ ಮೇಲ್ಮೇಲೆ ಇತ್ತು, ಮತ್ತೆ ಹೋನ್ ಮಾಡಿಸಿ (ಕಲ್ಲಿನಿಂದ ಸಣ್ಣ ಗೆರೆ ಬೀಳುವ ಹಾಗೆ ಉಜ್ಜಿಸಿ) ಈ ಸಲ ಅಲ್ಲೇ ಆಯಿಲ್ ಬಳಿಸಿ ತಂದೆ.

ಹೋನಿಂಗಿನ ಪುಡಿ ಪೆಟ್ರೋಲಿಗೆ, ಸೀಮೆಎಣ್ಣೆಗೆ ಹೋಗುವುದಿಲ್ಲ, ಗೆರೆಯೊಳಗೆ ಕೂತೇ ಇರ್ತದೆ. ಬಿಸಿ ನೀರು, ಬಟ್ಟೆ ಸೋಪು, ಬ್ರಷ್, ಅಪ್ಪನ ಹಳೇ ಬಿಳಿ ಬೈರಾಸಿನ ತುಂಡು. ಒರೆಸಿದ ತುಂಡು ಬೂದಿ ಬಣ್ಣ ಆದ್ರೆ ಮತ್ತೆ ತೊಳೀರಿ. ಏಳೋ ಎಂಟೋ ಸಲ ತೊಳೆದ ಮೇಲೆ ಬಿಳಿ ಬಂತು, ಕೂಡ್ಲೇ ಒಣಗಿಸಿ ಆಯಿಲ್.

ಕ್ರ್ಯಾಂಕನ್ನು ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪುಗಳಲ್ಲಿ ನಂಬರ್, ಬಾಣ ಎರಡೂ ಉಂಟು, ಬಾಣ ಕ್ರ್ಯಾಂಕ್ ಪುಲ್ಲಿ ಕಡೆಗೆ. ಪಿಸ್ಟನ್ ಮೇಲಿನ ಬಾಣವೂ ಹಾಗೆಯೇ. ಬೇರಿಂಗಿನ ಸಂದು ಅಳೆಯುವ ಮೆತ್ತನೆ ಎಳೆ ಪ್ಲಾಸ್ಟಿಗೇಜ್ ಇಟ್ಟು ಬಿಗಿದು ತೆಗೆದು ನೋಡಿದೆ, ನಾಲ್ಕು ಬೇರಿಂಗೂ 0.04 ಮಿ.ಮೀ. ಒಳಗೆ. ಹೊಸ ರಿಂಗನ್ನು ಬೋರಿನೊಳಗೆ ದೂಡಿ ಅದ್ರ ಎರಡು ತುದಿಯ ನಡುವಿನ ಗ್ಯಾಪ್ ಫೀಲರ್ ಗೇಜಲ್ಲಿ ಅಳೆದ್ರೆ 0.25 ಮಿ.ಮೀ. ಇತ್ತು, ಹಳೇ ರಿಂಗ್ ಹಳೇ ಬೋರಿನಲ್ಲಿ 1 ಮಿ.ಮೀ. ದಾಟಿತ್ತು. ಕ್ಲಚ್ ಪ್ಲೇಟ್ ಸೆಂಟರ್ ಮಾಡುವ ಟೂಲ್ ಇರ್ಲಿಲ್ಲ, ಅಡಿಕೆ ಮರದ ಸಲಕೆ ಕೆತ್ತಿ ಇನ್ಸುಲೇಷನ್ ಟೇಪ್ ಸುತ್ತಿ ಅಳತೆಗೆ ತಂದದ್ದು, ಗೇರ್‌ಬಾಕ್ಸ್ ಒಂದೇ ಸಲಕ್ಕೆ ಕೂತಿತು.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ತೆಗೆದಿಟ್ಟು ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆದೆ. ಆಮೇಲೆ ಪ್ಲಗ್ ಹಾಕಿದ್ರೆ ಕಾರ್ಬುರೇಟರಲ್ಲಿ ಪಟ್ ಪಟ್ ಅಂತ ಉಲ್ಟಾ ಹೊಡೀತು. ನಾನು ವಯರ್ 1-2-3 ಅಂತ ಹಾಕಿದ್ದೆ, ಇದ್ರ ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹೊಡೆಯುವ ಕ್ರಮ) 1-3-2. ಎರಡು ವಯರ್ ಬದಲಿಸಿದೆ, ಹಿಡೀತು. ಅಮ್ಮ ಒಳಗಿಂದ ಬಂದು ನೋಡಿದ್ರು.

ಆದ್ರೆ ಹೊಗೆ ನಿಲ್ಲಲಿಲ್ಲ. ಹೊಸತಲ್ಲಿ ಸ್ವಲ್ಪ ಬರ್ತದೆ ಅಂತ ಎರಡು ದಿನ ನನ್ನನ್ನೇ ಸಮಾಧಾನ ಮಾಡಿದೆ, ಮೂರನೇ ದಿನ ಪ್ಲಗ್ ತೆಗೆದ್ರೆ ಎರಡನೇದು ಮಾತ್ರ ಒದ್ದೆ ಕಪ್ಪು. ಮತ್ತೆ ಹೆಡ್ ತೆಗೆ, ಅಡಿಯ ಆಯಿಲ್ ತಟ್ಟೆ ಸಂಪ್ ತೆಗೆ, ಪಿಸ್ಟನ್ ಮೇಲೆ ದೂಡು. ಆಯಿಲ್ ರಿಂಗ್ ಒಂದೇ ತುಂಡಲ್ಲ, ಎರಡು ತೆಳು ಪಟ್ಟಿ, ನಡುವೆ ಅಲೆ ಅಲೆಯ ಸ್ಪ್ರಿಂಗ್ ಹಾಗಿಂದು ಒಂದು. ಆ ಸ್ಪ್ರಿಂಗಿನ ಎರಡು ತುದಿ ಒಂದಕ್ಕೊಂದು ಮುಖ ಕೊಟ್ಟು ನಿಲ್ಬೇಕು, ನಂದು ಒಂದರ ಮೇಲೊಂದು ಹತ್ತಿ ಕೂತಿತ್ತು. ರಾತ್ರಿ ಹತ್ತು ಗಂಟೆಗೆ ಕರೆಂಟ್ ಹೋದಾಗ ಮೊಬೈಲ್ ಲೈಟಲ್ಲಿ ಹಾಕಿದ ಪಿಸ್ಟನ್ ಅದೇ, ನಂಗೆ ಸರಿಯಾಗಿ ನೆನಪುಂಟು. ಹೊಸ ರಿಂಗ್ ಸೆಟ್, ಮತ್ತೊಂದು ಹೆಡ್ ಗ್ಯಾಸ್ಕೆಟ್, ಎರಡು ಆದಿತ್ಯವಾರ ಹೋಯ್ತು. ಹಳೇ ಹೆಡ್ ಗ್ಯಾಸ್ಕೆಟ್ ಎರಡನೇ ಸಲ ಹಾಕ್ಬೇಡಿ, ನೋಡ್ಲಿಕ್ಕೆ ಎಷ್ಟು ಚಂದ ಇದ್ರೂ.

ಮೊದಲ 1000 ಕಿ.ಮೀ. 60 ದಾಟಿಸ್ಲಿಲ್ಲ, ಆಮೇಲೆ ಆಯಿಲ್ ಬದಲಿಸಿದೆ. ಪ್ಲಗ್ ಮೂರೂ ಈಗ ಹಂಚಿನ ಬಣ್ಣ. ಫ್ಯಾನಿಗೆ ಡ್ಯಾಶ್‌ಬೋರ್ಡಲ್ಲಿ ಬೇರೆ ಸ್ವಿಚ್ ಹಾಕಿಸಿದ್ದೇನೆ, ಆಗುಂಬೆಗೆ ಮತ್ತೆ ಹೋದದ್ದು ಅದನ್ನು ಆನ್ ಮಾಡಿಕೊಂಡೇ. ಗುಜರಿಯ ಆ ಬ್ಲಾಕ್ ಇನ್ನೂ ಹಲಸಿನ ಬುಡದಲ್ಲೇ ಉಂಟು, ಕಿಲೋ ಲೆಕ್ಕಕ್ಕೆ ವಾಪಸ್ ತಗೊಳ್ತೀರಾ ಅಂತ ಫೋನಲ್ಲಿ ಕೇಳಿದ್ದಕ್ಕೆ "ತನ್ನಿ, ನೋಡುವ" ಅಂದಿದ್ದಾರೆ.