ಇಂಗ್ಲಿಷ್ ಸಂಶೋಧನಾ ಬರಹ: ‘ಸಿಗ್ನಿಫಿಕೆಂಟ್’ ಎಲ್ಲಿ ಬೇಕು, ಎಲ್ಲಿ ಬೇಡ?

ಪ್ರಯೋಗ ಸರಿಯಾಗಿಯೇ ನಡೆದಿರುತ್ತದೆ, ಅಂಕಿಗಳಲ್ಲೂ ತಪ್ಪಿರುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಅಂಕಿ ಹೇಳದ ಮಾತನ್ನು ವಾಕ್ಯ ಹೇಳಿಬಿಡುತ್ತದೆ. ಕರಡು ಮುಗಿಸಿ, ಆಮೇಲೆ ಹೀಗೆ ತಿದ್ದುತ್ತ ಬನ್ನಿ.

ಮೊದಲು ಚಿಲ್ಲರೆ ಕೆಲಸ. ‘ಮತ್ತು ಇತರರು’ ಎನ್ನುವ ‘ಎಟ್ ಆಲ್’ನಲ್ಲಿ ಚುಕ್ಕಿ ‘ಆಲ್’ ಆದ ಮೇಲೆ ಮಾತ್ರ. ‘ಇ.ಜಿ.’ ಉದಾಹರಣೆ ಕೊಡಲು, ‘ಐ.ಇ.’ ಹೇಳಿದ್ದನ್ನೇ ಬಿಡಿಸಿ ಹೇಳಲು. ‘ಇ.ಜಿ.’ಯಿಂದ ಶುರುವಾದ ಪಟ್ಟಿಯ ಕೊನೆಗೆ ‘ಎಟ್‌ಸೆಟ್ರಾ’ ಹಾಕಬೇಡಿ.

ಎರಡನೆಯದು, ಹೆಚ್ಚಿನವರು ಎಡವುವ ‘ಸಿಗ್ನಿಫಿಕೆಂಟ್’. ಕಂಡ ವ್ಯತ್ಯಾಸವನ್ನು ಬರೀ ಆಕಸ್ಮಿಕ ಎನ್ನುವುದು ಕಷ್ಟ ಎಂದು ಸಂಖ್ಯಾಶಾಸ್ತ್ರದ ಪರೀಕ್ಷೆ ತೋರಿಸಿದಾಗ ಸಂಶೋಧನೆಯಲ್ಲಿ ಬಳಸುವ ಪದ ಇದು. ಫೈಂಡ್ ಒತ್ತಿ ಅದು ಬಂದ ಕಡೆಯೆಲ್ಲ ನಿಲ್ಲಿ. ಸಂಖ್ಯಾಶಾಸ್ತ್ರದ ಪರೀಕ್ಷೆ ನಡೆಸದೆ ಬರೆದಿದ್ದರೆ ಅಳಿಸಿ. ದೊಡ್ಡದು ಎನ್ನಲು ‘ಲಾರ್ಜ್’ ಸಾಕು. ಪರೀಕ್ಷೆ ನಡೆದಿದ್ದರೂ ಪದವೊಂದೇ ಸಾಲದು. ಒಂದು ಔಷಧಿ ರಕ್ತದೊತ್ತಡವನ್ನು ಇನ್ನೊಂದಕ್ಕಿಂತ 6 ಮಿ.ಮೀ. ಹೆಚ್ಚು ಇಳಿಸಿತು, ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿಯ ಅಂದಾಜು) −1ರಿಂದ 13, ಪಿ ಮೌಲ್ಯ (ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ; ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆಯಿದ್ದರೆ ‘ಸಿಗ್ನಿಫಿಕೆಂಟ್’) 0.09 ಎಂದಿಟ್ಟುಕೊಳ್ಳಿ. ಇದಕ್ಕೆ ‘ದೇರ್ ವಾಸ್ ನೋ ಡಿಫರೆನ್ಸ್’ ಎಂದು ಬರೆದರೆ ತಪ್ಪು. ವ್ಯತ್ಯಾಸ ಸೊನ್ನೆಯೂ ಇರಬಹುದು, 13ರಷ್ಟೂ ಇರಬಹುದು. ಯಾವುದೆಂದು ತೀರ್ಮಾನಿಸಲು ಈ ಮಾಹಿತಿ ಸಾಲದು, ಅಷ್ಟೆ. ಮೂರೂ ಅಂಕಿ ಕೊಟ್ಟು ‘ನಾಟ್ ಸ್ಟ್ಯಾಟಿಸ್ಟಿಕಲಿ ಸಿಗ್ನಿಫಿಕೆಂಟ್’ ಎನ್ನಿ. ‘ಟ್ರೆಂಡ್ ಟುವರ್ಡ್ಸ್ ಸಿಗ್ನಿಫಿಕೆನ್ಸ್’ ಎಂಬ ಜಾಣತನವಂತೂ ಬೇಡವೇ ಬೇಡ: 0.09 ಎಲ್ಲಿಗೂ ಹೊರಟಿಲ್ಲ. ಇದರ ತಿರುಗುಮುರುಗೂ ಉಂಟು. ಸಾವಿರಾರು ಜನರನ್ನು ಸೇರಿಸಿಕೊಂಡರೆ 1 ಮಿ.ಮೀ. ವ್ಯತ್ಯಾಸವೂ ‘ಸಿಗ್ನಿಫಿಕೆಂಟ್’ ಆಗಬಹುದು. ರೋಗಿಗೆ ಅದರಿಂದ ಪ್ರಯೋಜನವೇ ಎಂಬುದನ್ನು ಬೇರೆ ವಾಕ್ಯದಲ್ಲೇ ಚರ್ಚಿಸಬೇಕು.

ಭಾಷೆ ತಿದ್ದುವ ಸಾಫ್ಟ್‌ವೇರ್ ಕೊಟ್ಟ ಪರ್ಯಾಯವನ್ನು ಇಲ್ಲಿ ಕಣ್ಣುಮುಚ್ಚಿ ಒಪ್ಪಬೇಡಿ. ‘ಸಿಗ್ನಿಫಿಕೆಂಟ್’ ಪದೇ ಪದೇ ಬಂತೆಂದು ಒಂದು ಕಡೆ ‘ನೋಟಬಲ್’, ಇನ್ನೊಂದು ಕಡೆ ‘ಕನ್ಸಿಡರಬಲ್’ ಮಾಡಿದರೆ ಪರೀಕ್ಷೆ ಯಾವುದಕ್ಕೆ ನಡೆದಿದೆ ಎಂಬುದೇ ಓದುಗರಿಗೆ ತಿಳಿಯದು. ವೈಜ್ಞಾನಿಕ ಬರಹದಲ್ಲಿ ಪುನರುಕ್ತಿ ದೋಷವಲ್ಲ.

ಮುಂದೆ ಕ್ರಿಯಾಪದಗಳು. ‘ಪ್ರೂವ್ಸ್’ ಗಣಿತಕ್ಕೆ ಬಿಡಿ. ಪ್ರಯೋಗಕ್ಕೆ ‘ಶೋಸ್’, ಸಾಕ್ಷ್ಯ ತೆಳುವಾಗಿದ್ದರೆ ‘ಸಜೆಸ್ಟ್ಸ್’. ಬರೀ ಸಮೀಕ್ಷೆ ಮಾಡಿದ್ದರೆ ‘ವಾಸ್ ಅಸೋಸಿಯೇಟೆಡ್ ವಿತ್’ ಸರಿ, ‘ಕಾಸ್ಡ್’ ಸಲ್ಲದು. ‘ಮೇ ಪಾಸಿಬ್ಲಿ ಸಜೆಸ್ಟ್’ ಎಂದು ಮೂರು ಅನುಮಾನ ಪೇರಿಸುವ ಅಗತ್ಯವೂ ಇಲ್ಲ.

ಹೋಲಿಕೆಯಲ್ಲಿ ಶೇಕಡವಾರು ಲೆಕ್ಕ ಕೈಕೊಡುತ್ತದೆ. ಶೇ 10 ಇದ್ದದ್ದು ಶೇ 15 ಆದರೆ ಏರಿಕೆ 5 ‘ಪರ್ಸೆಂಟೇಜ್ ಪಾಯಿಂಟ್’, ಇಲ್ಲವೇ ‘50 ಪರ್ಸೆಂಟ್’. ‘5 ಪರ್ಸೆಂಟ್’ ಎಂದರೆ 10ರಿಂದ 10.5ಕ್ಕೆ ಹೋದಂತೆ. ‘ತ್ರೀ ಟೈಮ್ಸ್ ಲೆಸ್’ ಎಂಬುದಕ್ಕೆ ನಿಶ್ಚಿತ ಅರ್ಥವಿಲ್ಲ. ‘ಒನ್ ಥರ್ಡ್’ ಎಂದೇ ಬರೆಯಿರಿ.

ಕೊನೆಗೆ ಮಾನಗಳು. ಅಂಕಿಗೂ ಮಾನದ ಸಂಕೇತಕ್ಕೂ ನಡುವೆ ಜಾಗ ಬಿಡಿ. ಸಂಕೇತಕ್ಕೆ ಬಹುವಚನದ ‘ಎಸ್’ ಇಲ್ಲ. ಕೆಲ್ವಿನ್‌ಗೆ ‘ಡಿಗ್ರಿ’ ಸೇರಿಸುವ ಪದ್ಧತಿ 1967ರಲ್ಲೇ ಹೋಯಿತು. ಆಮ್ಲೀಯತೆಯ ಅಳತೆಯಾದ ಪಿಎಚ್‌ನ ‘ಪಿ’ ವಾಕ್ಯದ ಆರಂಭದಲ್ಲೂ ಚಿಕ್ಕಕ್ಷರವೇ. ಆಟೊಕರೆಕ್ಟ್ ಅದನ್ನು ದೊಡ್ಡದು ಮಾಡಿಬಿಟ್ಟಿರಬಹುದು, ಸಲ್ಲಿಸುವ ಮುನ್ನ ನೋಡಿಕೊಳ್ಳಿ.