ಅಲೆಯ ರೋಹಿತದಿಂದ ಎತ್ತರ ಮತ್ತು ಅವಧಿಯನ್ನು ಅಂದಾಜಿಸುವ ಬಗೆ

ಅರಬ್ಬೀ ಸಮುದ್ರದ ಅಲೆಗಳನ್ನು ಬೆಂಗಳೂರಿನಲ್ಲಿ ಕುಳಿತೇ ವಿಶ್ಲೇಷಿಸಲು ಬಯಸುವವರಿಗೆ ತೇಲುಮಾಪಕವೊಂದರ ದಾಖಲೆಯೂ ಸಾಮಾನ್ಯ ಕಂಪ್ಯೂಟರೂ ಸಾಕು. ಸೆಕೆಂಡಿಗೆ 1.28 ಬಾರಿ ನೀರಿನ ಮಟ್ಟವನ್ನು ದಾಖಲಿಸಿದರೆ 30 ನಿಮಿಷಕ್ಕೆ 2304 ಅಳತೆಗಳು ದೊರೆಯುತ್ತವೆ.

ಮೊದಲು ಸರಾಸರಿಯನ್ನೂ ಉಬ್ಬರವಿಳಿತದ ನಿಧಾನ ಏರಿಳಿತವನ್ನೂ ಕಳೆಯಿರಿ. ಬಳಿಕ ದಾಖಲೆಯನ್ನು 256 ಅಳತೆಗಳ, ಅಂದರೆ 200 ಸೆಕೆಂಡುಗಳ, ಅರ್ಧದಷ್ಟು ಅತಿಕ್ರಮಿಸುವ ತುಂಡುಗಳಾಗಿ ಮಾಡಿ, ಪ್ರತಿಯೊಂದಕ್ಕೂ ಹಾನ್ ವಿಂಡೋ (ತುಂಡಿನ ಎರಡೂ ತುದಿಗಳನ್ನು ಮೆಲ್ಲಗೆ ಸೊನ್ನೆಗೆ ಇಳಿಸುವ ತೂಕ) ಅನ್ವಯಿಸಿ, ಏರಿಳಿತವನ್ನು ಬೇರೆಬೇರೆ ಆವರ್ತನಗಳಾಗಿ ಬಿಡಿಸುವ ಫೂರಿಯೇ ರೂಪಾಂತರದಿಂದ ಬಂದ ರೋಹಿತಗಳ, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ರೇಖೆಗಳ, ಸರಾಸರಿ ತೆಗೆಯಿರಿ. ಇದೇ 1967ರ ವೆಲ್ಚ್ ವಿಧಾನ. ಒಂದೇ ಉದ್ದನೆಯ ತುಂಡಿನ ರೋಹಿತವನ್ನು ನಾನು ಎಂದಿಗೂ ನಂಬುವುದಿಲ್ಲ, ಏಕೆಂದರೆ ಅದರ ಶಿಖರಗಳಲ್ಲಿ ಹಲವು ಕೇವಲ ಆಕಸ್ಮಿಕ.

ರೋಹಿತದ ಕೆಳಗಿನ ವಿಸ್ತೀರ್ಣವೇ ಶೂನ್ಯ ಮೊಮೆಂಟ್. ಅದರ ವರ್ಗಮೂಲದ ನಾಲ್ಕರಷ್ಟು ಗಣನೀಯ ಅಲೆಯೆತ್ತರ (ಅತಿ ಎತ್ತರದ ಮೂರನೇ ಒಂದು ಭಾಗದ ಅಲೆಗಳ ಸರಾಸರಿಗೆ ಹತ್ತಿರದ್ದು): ವಿಸ್ತೀರ್ಣ 0.25 ಚದರ ಮೀಟರ್ ಇದ್ದರೆ ಎತ್ತರ 2 ಮೀಟರ್. ಈ ವಿಸ್ತೀರ್ಣವು ಉಬ್ಬರವಿಳಿತ ಕಳೆದ ದಾಖಲೆಯಲ್ಲಿ ಸರಾಸರಿಯಿಂದಾದ ವ್ಯತ್ಯಾಸಗಳ ವರ್ಗಗಳ ಸರಾಸರಿಗೆ, ಅಂದರೆ ವೇರಿಯನ್ಸ್‌ಗೆ ಹೆಚ್ಚುಕಡಿಮೆ ಸಮವಾಗಿರಬೇಕು. ಅಂತರ ದೊಡ್ಡದಾದರೆ ವಿಂಡೋದಿಂದ ಕುಗ್ಗಿದ ಶಕ್ತಿಯನ್ನು ಸರಿದೂಗಿಸಿಲ್ಲವೆಂದೇ ಮೊದಲು ಶಂಕಿಸಿ. ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ಶಿಖರದ ಆವರ್ತನ 0.1 ಹರ್ಟ್ಜ್ ಆದರೆ ಶಿಖರಾವಧಿ 10 ಸೆಕೆಂಡು. ಆಳ ನೀರಿನಲ್ಲಿ ಆ ಅಲೆಯ ಉದ್ದ ಸುಮಾರು 156 ಮೀಟರ್. ಆಳವು ಇದರ ಅರ್ಧಕ್ಕಿಂತ ಕಡಿಮೆಯಿದ್ದಲ್ಲಿ ಆ ಲೆಕ್ಕ ಸಲ್ಲದು. ಸರಾಸರಿ ಅವಧಿಗೆ ಶೂನ್ಯ ಮೊಮೆಂಟನ್ನು ಎರಡನೆಯ ಮೊಮೆಂಟಿನಿಂದ (ರೋಹಿತವನ್ನು ಆವರ್ತನದ ವರ್ಗದಿಂದ ಗುಣಿಸಿದಾಗ ಬರುವ ವಿಸ್ತೀರ್ಣ) ಭಾಗಿಸಿ ವರ್ಗಮೂಲ ತೆಗೆಯಬೇಕು. ಎರಡನೆಯ ಮೊಮೆಂಟ್ ಹೆಚ್ಚಿನ ಆವರ್ತನದ ಗದ್ದಲಕ್ಕೆ ಬಹಳ ಬೇಗ ಹಿಗ್ಗುವುದರಿಂದ, ಬಳಸಿದ ಆವರ್ತನದ ಮೇಲ್ಮಿತಿಯನ್ನು ಫಲಿತಾಂಶದ ಜೊತೆಗೇ ಬರೆದಿಡಿ.

ಎರಡು ಶಿಖರಗಳು ಕಂಡಾಗ, ದೂರದಿಂದ ಬಂದ ಉಬ್ಬಲೆಯನ್ನೂ ಸ್ಥಳೀಯ ಗಾಳಿಯ ಅಲೆಯನ್ನೂ ನಡುವಿನ ತಗ್ಗಿನಲ್ಲಿ ಬೇರ್ಪಡಿಸಿ ಪ್ರತ್ಯೇಕವಾಗಿ ಲೆಕ್ಕಹಾಕುವುದು ಒಳಿತು.